ಗೇಟಿಲ್ಲದ ಮೈದಾನಗಳು

1995ರ ಮಾರ್ಚ್ ತಿಂಗಳಲ್ಲಿ ಮನೋಹರ ಜೋಶಿಯವರು ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ದಾದರಿನ ಶಿವಾಜಿ ಪಾರ್ಕಿನಲ್ಲಿ. 2014ರ ಅಕ್ಟೋಬರ್ 31ರಂದು ದೇವೇಂದ್ರ ಫಡಣವೀಸ್ ಮೊದಲ ಸಲ ಆ ಕುರ್ಚಿ ಏರಿದಾಗ ವೇದಿಕೆ ಸಿದ್ಧವಾದದ್ದು ವಾಂಖೆಡೆ ಸ್ಟೇಡಿಯಮ್ಮಿನಲ್ಲಿ. 2019ರ ನವೆಂಬರ್ 28ರಂದು ಉದ್ಧವ ಠಾಕ್ರೆ ಮತ್ತೆ ಶಿವಾಜಿ ಪಾರ್ಕನ್ನೇ ಆರಿಸಿಕೊಂಡರು. 2024ರ ಡಿಸೆಂಬರ್ 5ರಂದು ಫಡಣವೀಸ್ ಮರಳಿ ಬಂದಾಗ ಚಪ್ಪರ ಎದ್ದದ್ದು ಆಜಾದ್ ಮೈದಾನದಲ್ಲಿ. ಮಲಬಾರ್ ಹಿಲ್ಲಿನ ರಾಜಭವನದಲ್ಲಿ ಸಭಾಂಗಣಕ್ಕೇನೂ ಕೊರತೆಯಿಲ್ಲ. ಆದರೂ ಸರಕಾರವೊಂದು ತಾನು ಜನರದ್ದು ಎಂದು ತೋರಿಸಿಕೊಳ್ಳಬೇಕಾದಾಗ ಮುಂಬಯಿಯಲ್ಲಿ ಹುಡುಕುವುದು ಕ್ರಿಕೆಟ್ ಆಡುವ ನೆಲವನ್ನು.

ಬೇರೆ ನೆಲ ಇಲ್ಲ ಎಂಬುದೇ ಇದಕ್ಕೆ ಕಾರಣ. ಈ ನಗರದ ನಡುಭಾಗದಲ್ಲಿ ಸಾವಿರಾರು ಜನ ಒಟ್ಟಿಗೆ ನಿಲ್ಲಬಹುದಾದ ಬಯಲು ಉಳಿದಿದ್ದರೆ ಅದು ಅಲ್ಲಿ ಯಾರೋ ದಿನವೂ ಆಡುತ್ತ ಬಂದಿದ್ದಾರೆ ಎಂಬ ಕಾರಣಕ್ಕೆ. ಹಾಗಾಗಿ ಮುಂಬಯಿಯಲ್ಲಿ ನಗರಾಭಿವೃದ್ಧಿಯ ಮಾತು, ರಾಜಕೀಯದ ಮಾತು, ಆಟದ ಮಾತು ಮೂರನ್ನೂ ಬೇರೆ ಬೇರೆಯಾಗಿ ಆಡಲು ಬರುವುದಿಲ್ಲ. ಲೋಕಲ್ ಗಾಡಿಯ ಡಬ್ಬಿಯಲ್ಲಿ ರಣಜಿ ತಂಡದ ಬಗ್ಗೆ ಶುರುವಾದ ಹರಟೆ ಎರಡು ಸ್ಟೇಶನ್ ದಾಟುವಷ್ಟರಲ್ಲಿ ಕೋಸ್ಟಲ್ ರೋಡಿಗೆ ಬಂದಿರುತ್ತದೆ, ಅಲ್ಲಿಂದ ಪಾಲಿಕೆಗೆ. ಈ ಮೂರೂ ಕೂಡುವ ಜಾಗ ಮೈದಾನ. ಅದು ಯಾರ ಕೈಯಲ್ಲಿದೆ, ಅದಕ್ಕೆ ಗೇಟು ಇದೆಯೇ ಇಲ್ಲವೇ ಎಂಬುದರ ಮೇಲೆ ಈ ನಗರದ ಮಕ್ಕಳ ಪಾಲು ನಿಂತಿದೆ.

ಮೈದಾನಗಳು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಇಂದಿನ ಫೋರ್ಟ್ ಪ್ರದೇಶದ ಸುತ್ತ ನಿಜವಾದ ಕೋಟೆ ಇದ್ದ ಕಾಲದಲ್ಲಿ ಗೋಡೆಯ ಆಚೆಗಿನ ನೆಲವನ್ನು ಬೋಳಾಗಿ ಇಟ್ಟಿದ್ದರು. ಶತ್ರು ಬಂದರೆ ಫಿರಂಗಿ ಹಾರಿಸಲು ಅಡ್ಡಿಯಾಗಬಾರದು ಎಂಬುದು ಲೆಕ್ಕ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕೋಟೆಯ ಗೋಡೆ ಕೆಡವಿಸಿದ. ಹೈಕೋರ್ಟು, ವಿಶ್ವವಿದ್ಯಾಲಯ, ತಂತಿ ಕಚೇರಿಗಳ ಕಲ್ಲುಕಟ್ಟಡಗಳು ಎದ್ದವು. ಬೋಳು ನೆಲ ಮಾತ್ರ ರಸ್ತೆಗಳಿಂದ ಸೀಳಿಸಿಕೊಂಡು ನಾಲ್ಕು ತುಂಡಾಗಿ ಉಳಿಯಿತು: ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹದ ನಟ್ಟನಡುವೆ ಓವಲ್ ಇದೆ. ಪೂರ್ವಕ್ಕೆ ರಾಜಾಬಾಯಿ ಗೋಪುರ, ಪಶ್ಚಿಮಕ್ಕೆ 1930ರ ದಶಕದ ದುಂಡು ಬಾಲ್ಕನಿಗಳ ಮನೆಗಳು. ಎರಡು ಕಾಲಗಳ ನಡುವೆ ಬಿಳಿ ಅಂಗಿಯ ಹುಡುಗರು.

ಆ ನೆಲಕ್ಕಾಗಿ ಮೊದಲ ಜಗಳ 19ನೆಯ ಶತಮಾನದಲ್ಲೇ ನಡೆಯಿತು. ಬಿಳಿಯ ಅಧಿಕಾರಿಗಳು ಎಸ್ಪ್ಲನೇಡ್ ಎನ್ನುತ್ತಿದ್ದ ಆ ಬಯಲಿನಲ್ಲಿ ಪೋಲೊ ಆಡುತ್ತಿದ್ದರು. ಅವರ ಕುದುರೆಗಳ ಗೊರಸಿನಿಂದ ಕಿತ್ತುಹೋದ ನೆಲದಲ್ಲಿ ಪಾರ್ಸಿ ಮತ್ತು ಹಿಂದೂ ಹುಡುಗರು ಕ್ರಿಕೆಟ್ ಆಡಬೇಕಿತ್ತು. ಹುಡುಗರು ಅರ್ಜಿ ಬರೆದರು, ಮತ್ತೆ ಮತ್ತೆ ಬರೆದರು. ಶಾಪೂರ್ಜಿ ಸೊರಾಬ್ಜಿ ಎಂಬುವರು 1897ರಲ್ಲಿ ಈ ಹೋರಾಟದ ಕಥೆಯನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಸರಕಾರ ಕಂಡುಕೊಂಡ ದಾರಿ ಸಮುದ್ರದಂಚಿನಲ್ಲಿ ಜಾತಿ ಧರ್ಮಕ್ಕೊಂದು ಜಿಮ್ಖಾನಾ ಕೊಡುವುದು. ಪಾರ್ಸಿ, ಇಸ್ಲಾಂ, ಹಿಂದೂ ಎಂದು ಹೆಸರು ಹೊತ್ತ ಆ ಮೂರು ಜಿಮ್ಖಾನಾಗಳು ಮರೈನ್ ಡ್ರೈವಿನಲ್ಲಿ ಇಂದಿಗೂ ಸಾಲಾಗಿ ನಿಂತಿವೆ. ಎಲ್ಲರಿಗೂ ಸೇರಿದ್ದ ನೆಲವನ್ನು ಹಂಚಿ ಬೇಲಿ ಹಾಕುವ ಕ್ರಮ ಅಲ್ಲಿಂದ ಶುರುವಾಯಿತು ಎಂದೇ ನನಗೆ ಅನ್ನಿಸುತ್ತದೆ.

ಆ ಹಿಂದೂ ಜಿಮ್ಖಾನಾದ ಬಾಗಿಲಲ್ಲಿ ನಿಂತ ಒಬ್ಬ ಆಟಗಾರನ ಬಗ್ಗೆ ಕನ್ನಡ ಓದುಗರು ಹೆಚ್ಚು ತಿಳಿಯಬೇಕು. ಪಾಲ್ವಣಕರ್ ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬ, ತಂದೆ ಸೈನ್ಯದ ನೌಕರಿಯಲ್ಲಿದ್ದವರು. ಪುಣೆಯ ಯುರೋಪಿಯನ್ ಕ್ಲಬ್ಬಿನಲ್ಲಿ ನೆಲ ಗುಡಿಸಿ, ಪಿಚ್ ಉರುಳಿಸಿ, ಬಲೆ ಕಟ್ಟುತ್ತಿದ್ದ ಹುಡುಗ ಅಲ್ಲಿನ ಸಾಹೇಬರಿಗೆ ನೆಟ್ಸಿನಲ್ಲಿ ಚೆಂಡು ಎಸೆದು ಎಸೆದೇ ಎಡಗೈ ಸ್ಪಿನ್ನರ್ ಆದ. ಮುಂಬಯಿಗೆ ಬಂದ ಮೇಲೆ ಹಿಂದೂ ಜಿಮ್ಖಾನಾ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು, ಅದೂ ತಕರಾರುಗಳ ನಡುವೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದ ಪರವಾಗಿ ಬಾಳೂ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ದಕ್ಕಿದ್ದು 1923ರಲ್ಲಿ ತಮ್ಮ ವಿಠ್ಠಲನಿಗೆ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಬಾಳೂ ಅವರನ್ನು ಕಣಕ್ಕಿಳಿಸಿತು, ಎದುರಿಗೆ ಇದ್ದವರು ಡಾ. ಅಂಬೇಡ್ಕರ್. ಬಾಳೂ ಸೋತರು. ಮುಂಬಯಿ ಕ್ರಿಕೆಟಿನಲ್ಲಿ ರಾಜಕೀಯ ಈಚೆಗೆ ನುಸುಳಿತು ಎಂದು ಯಾರಾದರೂ ಹೇಳಿದರೆ ನನಗೆ ಈ ಮನುಷ್ಯನ ನೆನಪಾಗುತ್ತದೆ. ಮೈದಾನಕ್ಕೆ ಕಾಲಿಡುವುದೇ ರಾಜಕೀಯವಾಗಿದ್ದ ಕಾಲ ಅದು.

ಇನ್ನು ಸ್ಟೇಡಿಯಂ ಕಥೆ. ಅದಕ್ಕೆ ಸಮುದ್ರವನ್ನು ತುಂಬಿದ ಕಥೆಯಿಂದಲೇ ಶುರು ಮಾಡಬೇಕು. ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬ್ಯಾಕ್‌ಬೇಯನ್ನು ತುಂಬಿ ಹೊಸ ಭೂಮಿ ಮಾಡುವ ದೊಡ್ಡ ಯೋಜನೆ ಆರಂಭವಾಯಿತು. ಖರ್ಚು ಏರುತ್ತ ಹೋಯಿತು, ಕೆಲಸ ಕುಂಟುತ್ತ ಬಂತು. ಇದರ ಹಿಂದಿನ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಖುರ್ಷೇದ್ ಫ್ರಾಮ್ಜಿ ನರಿಮನ್. ಅಧಿಕಾರಿಯೊಬ್ಬ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಅವರು ಗೆದ್ದರು, ಮುಂದೆ ನಗರದ ಮೇಯರ್ ಆದರು. ಸ್ವಾತಂತ್ರ್ಯಾನಂತರ ಅದೇ ಬ್ಯಾಕ್‌ಬೇಯ ಇನ್ನಷ್ಟು ನೀರನ್ನು ತುಂಬಿ ಎತ್ತರದ ಕಚೇರಿಗಳನ್ನು ಕಟ್ಟಿ ಅದಕ್ಕೆ ಅವರದೇ ಹೆಸರಿಟ್ಟರು.

ಹೀಗೆ ಪಡೆದ ನೆಲದ ಒಂದು ತುಂಡಿನ ಮೇಲೆ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾ ಕಟ್ಟಿಸಿದ್ದು ಬ್ರೆಬೋರ್ನ್ ಸ್ಟೇಡಿಯಂ. ಕ್ರಿಕೆಟ್ ಮಂಡಳಿಯ ಮೊದಲ ಕಾರ್ಯದರ್ಶಿ ಆಂಥನಿ ಡಿಮೆಲ್ಲೊ ಗವರ್ನರ್ ಲಾರ್ಡ್ ಬ್ರೆಬೋರ್ನ್ ಅವರನ್ನು ಒಲಿಸಿಕೊಂಡು ಅಗ್ಗದ ದರಕ್ಕೆ ಜಾಗ ಪಡೆದರು. ಸ್ಟೇಡಿಯಮ್ಮಿಗೆ ಗವರ್ನರ್ ಹೆಸರು ಬಂತು. 1937ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ವರ್ಷವೇ ಧರ್ಮಕ್ಕೊಂದು ತಂಡ ಆಡುತ್ತಿದ್ದ ಪಂಚಕೋನ ಪಂದ್ಯಾವಳಿಯಿಂದ ಹಿಂದೂ ತಂಡ ಹೊರಗುಳಿಯಿತು. ಜಗಳ ಆಟದ್ದಲ್ಲ, ಹೊಸ ಸ್ಟೇಡಿಯಮ್ಮಿನಲ್ಲಿ ತಮ್ಮವರಿಗೆ ಎಷ್ಟು ಸೀಟು ಎಂಬುದರದ್ದು.

ಸೀಟಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಬ್ರೆಬೋರ್ನ್ ಕ್ಲಬ್ಬಿನ ಆಸ್ತಿ, ಆದರೆ ಮುಂಬಯಿ ಕ್ರಿಕೆಟನ್ನು ನಡೆಸುವುದು ನಗರದ ಕ್ರಿಕೆಟ್ ಸಂಸ್ಥೆ. ಟೆಸ್ಟ್ ಪಂದ್ಯ ಬಂದಾಗಲೆಲ್ಲ ಸಂಸ್ಥೆ ತನ್ನ ಕ್ಲಬ್ಬುಗಳಿಗಾಗಿ ಸೀಟು ಕೇಳುವುದು, ಕ್ಲಬ್ಬಿನವರು ಚೌಕಾಸಿ ಮಾಡುವುದು ದಶಕಗಳ ಕಾಲ ನಡೆಯಿತು. 1970ರ ದಶಕದ ಆರಂಭದಲ್ಲಿ ಶಾಸಕರು ಸಹಾಯಾರ್ಥ ಪಂದ್ಯವೊಂದಕ್ಕೆ ಬ್ರೆಬೋರ್ನ್ ಕೇಳಿದರೆಂದೂ ಕ್ಲಬ್ಬಿನ ಅಧ್ಯಕ್ಷ ವಿಜಯ್ ಮರ್ಚಂಟ್ ಒಪ್ಪಲಿಲ್ಲವೆಂದೂ ಹಳಬರು ಹೇಳುತ್ತಾರೆ. ಸಂಸ್ಥೆಯ ಮುಖ್ಯಸ್ಥರಾಗಿದ್ದ ಶೇಷರಾವ್ ವಾಂಖೆಡೆ ಆಗ ವಿಧಾನಸಭೆಯ ಸಭಾಧ್ಯಕ್ಷರೂ ಹೌದು. ಸ್ವಂತ ಸ್ಟೇಡಿಯಂ ಕಟ್ಟಿಯೇ ತೀರುತ್ತೇವೆ ಎಂದರು. ಬ್ರೆಬೋರ್ನ್‌ನಿಂದ ನಡೆದೇ ಹೋಗುವಷ್ಟು ಹತ್ತಿರ, ಚರ್ಚ್‌ಗೇಟಿನ ರೈಲು ಹಳಿಯ ಪಕ್ಕ, ಸರಕಾರಿ ನೆಲದಲ್ಲಿ ವಾಸ್ತುಶಿಲ್ಪಿ ಶಶಿ ಪ್ರಭು ಅವರ ನಕ್ಷೆಯಂತೆ ವರ್ಷಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಅದು ಎದ್ದು ನಿಂತಿತು. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ನಡೆದ ಮೊದಲ ಟೆಸ್ಟಿನಲ್ಲಿ ಕ್ಲೈವ್ ಲಾಯ್ಡ್ ಔಟಾಗದೆ 242 ಹೊಡೆದರು. ಬ್ರೆಬೋರ್ನ್‌ಗೆ ಮತ್ತೆ ಟೆಸ್ಟ್ ಮರಳಲು 2009ರ ಡಿಸೆಂಬರ್ ಬರಬೇಕಾಯಿತು. ಅಂದು ಸೆಹವಾಗ್ 293ಕ್ಕೆ ಔಟಾದರು. ಜಾಗವೇ ಇಲ್ಲ ಎಂದು ಕೊರಗುವ ನಗರದಲ್ಲಿ ಅಕ್ಕಪಕ್ಕದಲ್ಲೇ ಎರಡು ದೊಡ್ಡ ಸ್ಟೇಡಿಯಂ ಇರುವುದು ಈ ಹಟದ ಫಲ.

ವಾಂಖೆಡೆಯವರ ನಂತರ ಮುಂಬಯಿ ಕ್ರಿಕೆಟ್ ಸಂಸ್ಥೆಯ ಚುಕ್ಕಾಣಿಗೆ ರಾಜಕಾರಣಿಗಳು ಬಂದದ್ದು ಅಚ್ಚರಿಯಲ್ಲ. ಅಚ್ಚರಿ ಇರುವುದು ಅವರು ಯಾರನ್ನು ಸೋಲಿಸಿದರು ಎಂಬುದರಲ್ಲಿ. 2001ರಲ್ಲಿ ಶರದ್ ಪವಾರ್ ಎದುರು ಸೋತವರು ಅಜಿತ್ ವಾಡೇಕರ್. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಸರಣಿ ಗೆದ್ದುಕೊಟ್ಟ ನಾಯಕ ಅವರು. 2011ರಲ್ಲಿ ವಿಲಾಸರಾವ್ ದೇಶಮುಖ್ ಎದುರು ಸೋತವರು ದಿಲೀಪ್ ವೆಂಗ್‌ಸರ್ಕಾರ್. 2022ರಲ್ಲಿ ಅಮೋಲ್ ಕಾಳೆ ಎದುರು 25 ಮತಗಳಿಂದ ಸೋತವರು ಸಂದೀಪ್ ಪಾಟೀಲ್. ಆ ಸಲ ಪವಾರ್ ಮತ್ತು ಬಿಜೆಪಿಯ ಆಶೀಷ್ ಶೇಲಾರ್ ಗುಂಪುಗಳು ಒಂದಾಗಿ ಕಾಳೆಯವರ ಬೆನ್ನಿಗೆ ನಿಂತಿದ್ದವು. ವಿಧಾನಸಭೆಯಲ್ಲಿ ಎದುರುಬದುರು ಕೂರುವವರು ಕ್ರಿಕೆಟ್ ಸಂಸ್ಥೆಯ ಪಟ್ಟಿಯಲ್ಲಿ ಒಟ್ಟಿಗೆ ಬರುವುದು ಇಲ್ಲಿ ಮಾಮೂಲು.

ಇದು ಹೇಗೆ ಸಾಧ್ಯ? ಮತ ಹಾಕುವವರು ಪ್ರೇಕ್ಷಕರಲ್ಲ, ಮುನ್ನೂರಕ್ಕೂ ಹೆಚ್ಚು ಕ್ಲಬ್ಬುಗಳು. ಅವುಗಳಲ್ಲಿ ಬಹುಪಾಲು ಮೈದಾನದ ಕ್ಲಬ್ಬುಗಳು. ಮೈದಾನದ ಕ್ಲಬ್ಬು ಎಂದರೆ ಒಂದು ಪಿಚ್ಚು, ಒಂದು ಟೆಂಟು, ಒಬ್ಬ ಮಾಲಿ, ಮಳೆಗಾಲಕ್ಕೆ ಒಂದು ತಾಡಪಾಲು. ಆ ಟೆಂಟಿನ ಪರವಾನಗಿ ಸರಕಾರದ ಇಲ್ಲವೇ ಪಾಲಿಕೆಯ ಕೈಯಲ್ಲಿ. ನಳ್ಳಿ ನೀರಿಗೆ, ವಿದ್ಯುತ್ತಿಗೆ, ಬೇಲಿ ರಿಪೇರಿಗೆ, ಸಭೆಗೆಂದು ಬಾಡಿಗೆ ಪಡೆದವರು ಅಗೆದು ಹೋದ ಗುಂಡಿ ಮುಚ್ಚಿಸಲಿಕ್ಕೆ, ಎಲ್ಲಕ್ಕೂ ಒಂದೊಂದು ಅರ್ಜಿ. ಫೋನು ಎತ್ತಿ ಕೆಲಸ ಮಾಡಿಸಬಲ್ಲವನು ಮಂತ್ರಿ. ಎಷ್ಟು ಸುಂದರವಾಗಿ ಕವರ್ ಡ್ರೈವ್ ಹೊಡೆದಿದ್ದರೂ ಆಟಗಾರನಿಗೆ ಅದು ಆಗದು. ಕ್ಲಬ್ಬಿನ ಕಾರ್ಯದರ್ಶಿಯನ್ನು ಇದಕ್ಕಾಗಿ ಬಯ್ಯಲು ನನಗೆ ಮನಸ್ಸಿಲ್ಲ. ಅವನ ಮತ ಅವನ ನೆಲದ ಅಭದ್ರತೆಯನ್ನು ಹೇಳುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ರಾಜಕಾರಣಿಗಳು ಕಟ್ಟಿಯೂ ಇದ್ದಾರೆ: ವಾಂಖೆಡೆಯೇ ಸಾಕ್ಷಿ, ಬಾಂದ್ರಾ–ಕುರ್ಲಾ ಸಂಕುಲದ ಕ್ರಿಕೆಟ್ ಅಕಾಡೆಮಿಯೂ ಸಾಕ್ಷಿ. 2025ರ ಮೇ ತಿಂಗಳಲ್ಲಿ ವಾಂಖೆಡೆಯ ಸ್ಟ್ಯಾಂಡುಗಳಿಗೆ ಹೊಸ ಹೆಸರಿಟ್ಟಾಗ ರೋಹಿತ್ ಶರ್ಮಾ ಜೊತೆಗೆ ಶರದ್ ಪವಾರ್, ಅಜಿತ್ ವಾಡೇಕರ್ ಇಬ್ಬರ ಹೆಸರೂ ಬಂತು. 2001ರ ಮತಪೆಟ್ಟಿಗೆಯ ಎರಡು ಬದಿಗಳು ಈಗ ಒಂದೇ ಸುತ್ತಿನಲ್ಲಿ ಕೂತಿವೆ.

ಸ್ಟೇಡಿಯಂ ಬೀದಿ ರಾಜಕೀಯದ ಗುರಿಯೂ ಆಯಿತು. 1991ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ತಂಡ ಬರಲಿದ್ದಾಗ ಶಿವಸೈನಿಕರು ವಾಂಖೆಡೆಯ ಪಿಚ್ ಅಗೆದುಹಾಕಿದರು, ಪ್ರವಾಸವೇ ರದ್ದಾಯಿತು. 2015ರಲ್ಲಿ ಅಲ್ಲಿಯೇ ಇರುವ ಕ್ರಿಕೆಟ್ ಮಂಡಳಿಯ ಕಚೇರಿಗೆ ನುಗ್ಗಿ ಪಾಕಿಸ್ತಾನ ಮಂಡಳಿಯ ಮುಖ್ಯಸ್ಥರ ಜೊತೆಗಿನ ಮಾತುಕತೆ ನಿಲ್ಲಿಸಿದರು. ಪಿಚ್ ಅಗೆದದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಮಾಲಿಯೊಬ್ಬ ತಿಂಗಳುಗಟ್ಟಲೆ ನೀರು ಹನಿಸಿ, ಉರುಳೆ ಎಳೆದು ಹದಮಾಡಿದ ನೆಲ ಅದು.

ಮಾಲಿಗಳ ಮಾತು ಬಂದಾಗ ಏಕನಾಥ್ ಸೋಲ್ಕರ್ ಅವರನ್ನು ನೆನೆಯದಿರಲಾಗದು. ಶಾರ್ಟ್ ಲೆಗ್ಗಿನಲ್ಲಿ ಅವರಷ್ಟು ಎದೆಗಾರಿಕೆಯಿಂದ ನಿಂತವರು ಭಾರತದಲ್ಲಿ ಇನ್ನೊಬ್ಬರಿಲ್ಲ. ತಂದೆ ಹಿಂದೂ ಜಿಮ್ಖಾನಾದ ಮಾಲಿ. ಅದರ ಆವರಣದ ಪುಟ್ಟ ಕೋಣೆಯಲ್ಲೇ ಸೋಲ್ಕರ್ ಬೆಳೆದರು, ಸ್ಕೋರ್‌ಬೋರ್ಡಿನ ಅಂಕಿ ಬದಲಿಸುತ್ತ ಆಟ ಕಲಿತರು. ಧಾರವಾಡದ ಬಾಳೂ ಚೆಂಡು ಎಸೆದಿದ್ದ ಸಂಸ್ಥೆಯ ನೆಲದಲ್ಲೇ.

ಸಮುದ್ರದ ಕಡೆಯ ಜಿಮ್ಖಾನಾಗಳನ್ನು ಬಿಟ್ಟು ಈಗ ರಸ್ತೆ ದಾಟಿ ಮೈದಾನಗಳಿಗೆ ಬರೋಣ. ಆಜಾದ್ ಮೈದಾನದಲ್ಲಿ 22 ಪಿಚ್ಚುಗಳಿವೆ. ಒಂದು ಪಂದ್ಯದ ಕವರ್ಸ್ ಫೀಲ್ಡರ್ ಇನ್ನೊಂದು ಪಂದ್ಯದ ಮಿಡ್ ವಿಕೆಟ್ಟಿಗೆ ಬೆನ್ನು ತಾಗಿಸಿ ನಿಂತಿರುತ್ತಾನೆ. ಎರಡು ಚೆಂಡು ಒಟ್ಟಿಗೆ ಬಂದಾಗ ತನ್ನದು ಯಾವುದು ಎಂದು ತಿಳಿಯುವುದೂ ಇಲ್ಲಿ ಆಟದ ಪಾಠ. 1948ರಿಂದ ನಡೆಯುತ್ತಿರುವ ಕಾಂಗಾ ಲೀಗ್ ಶುರುವಾಗುವುದು ದೇಶವೆಲ್ಲ ಬ್ಯಾಟನ್ನು ಮೂಲೆಗಿಡುವ ಮಳೆಗಾಲದಲ್ಲಿ. ಒದ್ದೆ ನೆಲದಲ್ಲಿ ಚೆಂಡು ಎಲ್ಲಿ ಬಿದ್ದು ಎತ್ತ ಜಿಗಿಯುವುದೋ ಗೊತ್ತಾಗದು. ಅಲ್ಲಿ 30 ರನ್ ಮಾಡಿದವನನ್ನು ಹಿರಿಯರು ಇತರೆಡೆಯ ಶತಕದ ಸಮ ಎಣಿಸುತ್ತಾರೆ. 1988ರಲ್ಲಿ ಶಾರದಾಶ್ರಮ ಶಾಲೆಯ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ನುಗಳ ಜೊತೆಯಾಟ ಆಡಿದ್ದು, 2013ರಲ್ಲಿ ಪೃಥ್ವಿ ಶಾ 546 ಹೊಡೆದದ್ದು ಎರಡೂ ಆಜಾದ್ ಮೈದಾನದಲ್ಲಿ.

ಪಕ್ಕದ ಕ್ರಾಸ್ ಮೈದಾನದಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್ ಎಂಬ ಹೆಸರು ನೋಡಿ ಊರಿನಿಂದ ಬಂದವರು ನಿಂತುಬಿಡುವುದುಂಟು. ಕಾಂಗಾ ಲೀಗಿನ ಹಳೆಯ ತಂಡಗಳಲ್ಲಿ ಅದೂ ಒಂದು. ಫೋರ್ಟ್ ಪ್ರದೇಶ ಒಂದು ಕಾಲಕ್ಕೆ ಕನ್ನಡಿಗರ, ತುಳುವರ ಬಿಡಾರ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಕಚೇರಿಗಳಿಗೆ ಚಹಾ ಹೊತ್ತು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ದಕ್ಷಿಣ ಕನ್ನಡದ ಹುಡುಗರಿಗೆ ಕಾಸು ಕೇಳದೆ ಒಳಗೆ ಬಿಟ್ಟುಕೊಂಡ ಜಾಗ ಎಂದರೆ ಸಮುದ್ರದ ದಂಡೆ ಮತ್ತು ಈ ಮೈದಾನಗಳು. ಮೂಲ್ಕಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಬುಧಿ ಕುಂದರನ್ 1960ರ ಜನವರಿಯಲ್ಲಿ ಬ್ರೆಬೋರ್ನ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಭಾರತದ ವಿಕೆಟ್ ಕಾದರು. ಅದುವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಮಂಗಳೂರಿನಿಂದ ಬಂದ ಇನ್ನೊಬ್ಬ ತರುಣ ಜಾರ್ಜ್ ಫರ್ನಾಂಡಿಸ್ ಬಂದರು ಮತ್ತು ಹೋಟೆಲ್ ಕಾರ್ಮಿಕರ ನಡುವೆ ಸಂಘ ಕಟ್ಟಿ, ಪಾಲಿಕೆಯ ಸದಸ್ಯರಾಗಿ, 1967ರಲ್ಲಿ ಇದೇ ದಕ್ಷಿಣ ಮುಂಬಯಿ ಕ್ಷೇತ್ರದಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಮೂರು ಸಲ ಮೇಯರ್ ಆಗಿದ್ದ ಪಾಟೀಲರನ್ನು ಸೋಲಿಸಬಹುದು ಎಂದು ಆಗ ಯಾರೂ ನಂಬಿರಲಿಲ್ಲ.

ಆಜಾದ್ ಮೈದಾನಕ್ಕೆ ಬರುವವರು ಆಟಗಾರರಷ್ಟೇ ಅಲ್ಲ. 2018ರ ಮಾರ್ಚ್ 12ರ ನಸುಕಿನಲ್ಲಿ ನಾಸಿಕ್‌ನಿಂದ ನಡೆದು ಬಂದ ಸಾವಿರಾರು ರೈತರು ಇಲ್ಲೇ ಬಂದು ಕುಳಿತರು, ಒಡೆದ ಪಾದಗಳೊಂದಿಗೆ. 2025ರ ಆಗಸ್ಟ್ ಕೊನೆಯಲ್ಲಿ ಮರಾಠಾ ಮೀಸಲಾತಿಗಾಗಿ ಮನೋಜ್ ಜರಾಂಗೆ ಉಪವಾಸ ಕೂತಾಗ 5,000 ಜನರಿಗಷ್ಟೇ ಅನುಮತಿ ಇದ್ದ ಜಾಗದ ಸುತ್ತ ಫೋರ್ಟ್ ಇಡೀ ತುಂಬಿಹೋಯಿತು. ಮೂರನೆಯ ಮೆಟ್ರೊ ಮಾರ್ಗದ ಕಾಮಗಾರಿಗೂ ಮೈದಾನದ ಒಂದು ಭಾಗ ವರ್ಷಗಟ್ಟಲೆ ತಗಡಿನ ಬೇಲಿಯೊಳಗೆ ಹೋಗಿತ್ತು. ಪ್ರತಿಭಟನೆಗೆ ಬಂದ ರೈತನ ಮೇಲೆ ಕ್ರಿಕೆಟಿಗರಿಗೆ ಸಿಟ್ಟಿರಬಾರದು. ಗೇಟಿಲ್ಲದ ನೆಲ ಇಬ್ಬರಿಗೂ ಬೇಕು. ಬಂದವರು ಎದ್ದುಹೋದ ಮೇಲೆ ಮಾರನೆಯ ವಾರ ಅಲ್ಲಿ ಮತ್ತೆ ಆಟ ನಡೆಯುತ್ತದೆ. ಕಟ್ಟಡ ಬಂದರೆ ಅದು ಎದ್ದುಹೋಗುವುದಿಲ್ಲ.

ಕಟ್ಟಡ ಬಂದ ಕಥೆಯನ್ನು ಲೋವರ್ ಪರೇಲಿನಲ್ಲಿ ನೋಡಬಹುದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಇದ್ದರು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಗರದ ಹೊಟ್ಟೆಯಲ್ಲೇ ಸುಮಾರು 600 ಎಕರೆ ನೆಲ ಬಿಡುವಾಯಿತು. ಇಂಥ ಅವಕಾಶ ಯಾವ ನಗರಕ್ಕೂ ಎರಡು ಸಲ ಬರುವುದಿಲ್ಲ. 1991ರ ನಿಯಮದ ಪ್ರಕಾರ ಗಿರಣಿಯ ಭೂಮಿಯಲ್ಲಿ ಮೂರನೆಯ ಒಂದು ಭಾಗ ಪಾಲಿಕೆಗೆ, ಉದ್ಯಾನ ಮತ್ತು ಮೈದಾನಕ್ಕಾಗಿ, ಇನ್ನೊಂದು ಭಾಗ ವಸತಿ ಮಂಡಳಿಗೆ, ಉಳಿದದ್ದು ಮಾಲೀಕರಿಗೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಎಲ್ಲ ಗಿರಣಿಗಳನ್ನು ಒಟ್ಟಾಗಿ ನೋಡಿ ನಕ್ಷೆ ಮಾಡಿ ಎಂದು ಹೇಳಿತು. 2001ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ಹಂಚಬೇಕಾದದ್ದು ಇಡೀ ಭೂಮಿಯಲ್ಲ, ಅದಾಗಲೇ ಕಟ್ಟಡವಿಲ್ಲದೆ ಖಾಲಿ ಇರುವ ಭಾಗ ಮಾತ್ರ ಎಂದಾಯಿತು. ಗಿರಣಿಯ ಆವರಣದಲ್ಲಿ ಬಹುಭಾಗ ಶೆಡ್ಡುಗಳೇ. ಹೀಗೆ ನಗರದ ಪಾಲು ಕರಗಿ ಚೂರಾಯಿತು. ಹೈಕೋರ್ಟು 2005ರಲ್ಲಿ ಇದನ್ನು ತಡೆದರೂ 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಅಲ್ಲಿ ಮಾಲುಗಳಿವೆ, 60 ಮಹಡಿಯ ಮನೆಗಳಿವೆ, ಅವುಗಳೊಳಗೆ ನಿವಾಸಿಗಳಿಗೆ ಮಾತ್ರ ತೆರೆಯುವ ಆಟದ ಅಂಗಳಗಳಿವೆ. ಗಿರಣಗಾಂವ್ ಎಂದು ಕರೆಯುತ್ತಿದ್ದ ಈ ಭಾಗದ ಚಾಳುಗಳ ಅಂಗಳದಲ್ಲಿ ಕಬಡ್ಡಿ ಆಡಿದವರ ಮೊಮ್ಮಕ್ಕಳು ಆಡುವುದು ಫ್ಲೈಓವರಿನ ಕೆಳಗೆ. ಮುಂಬಯಿಯ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ತೋರುವುದಿಲ್ಲ.

ಉಪನಗರಗಳ ಸ್ಥಿತಿ ಬೇರೆ. 1896ರ ಪ್ಲೇಗಿನ ಬಳಿಕ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾಗಳನ್ನು ಗೆರೆ ಎಳೆದು ಕಟ್ಟಿದಾಗ ಬಯಲಿಗೂ ಜಾಗ ಬಿಟ್ಟಿತು. ಶಿವಾಜಿ ಪಾರ್ಕ್, ಫೈವ್ ಗಾರ್ಡನ್ಸ್, ಮಾಟುಂಗಾದ ದಡ್ಕರ್ ಮೈದಾನ ಎಲ್ಲ ಆ ಭಾಗದ ಪುಣ್ಯ. ನಮ್ಮ ಮೈಸೂರು ಅಸೋಸಿಯೇಶನ್, ಉಡುಪಿ ಹೋಟೆಲುಗಳು ಇರುವ ಮಾಟುಂಗಾದಲ್ಲೇ ದಾದರ್ ಯೂನಿಯನ್ ಕ್ಲಬ್ಬು ಮಾಧವ ಮಂತ್ರಿಯವರ ಶಿಸ್ತಿನಲ್ಲಿ ಗಾವಸ್ಕರ್, ವೆಂಗ್‌ಸರ್ಕಾರ್ ಅವರಂಥವರನ್ನು ಬೆಳೆಸಿತು. ಶಿವಾಜಿ ಪಾರ್ಕ್ ಜಿಮ್ಖಾನಾ ಜೊತೆಗಿನ ಅವರ ಪಂದ್ಯ ನೋಡಲು ಜನ ಮರ ಹತ್ತುತ್ತಿದ್ದರಂತೆ. ಆಚೆಗಿನ ಮಲಾಡ್, ಕಾಂದಿವಲಿ, ಭಾಂಡುಪ್, ಮುಲುಂಡ್‌ಗಳು ಹಳ್ಳಿಯ ಗದ್ದೆ, ಕ್ವಾರಿ, ಕಾರ್ಖಾನೆಗಳ ಮೇಲೆ ದಿಕ್ಕೆಟ್ಟು ಬೆಳೆದವು. ಅಭಿವೃದ್ಧಿ ನಕ್ಷೆಯಲ್ಲಿ ಮೈದಾನಕ್ಕೆಂದು ಬಣ್ಣ ಬಳಿದ ತುಂಡುಗಳು ಕಾಗದದ ಮೇಲೆ ಉಳಿದವು.

ಇರುವ ಕೆಲವು ತುಂಡುಗಳನ್ನೂ ನೋಡಿಕೊಳ್ಳಲೆಂದು ಪಾಲಿಕೆ ಸಂಸ್ಥೆಗಳಿಗೆ ಒಪ್ಪಿಸಿತು. ಕಾಂದಿವಲಿಯ ಪೊಯಿಸರ್ ಜಿಮ್ಖಾನಾ, ಜೋಗೇಶ್ವರಿಯ ಮಾತೋಶ್ರೀ ಕ್ಲಬ್ ಎದ್ದದ್ದು ಹೀಗೆ. ಮೊದಲನೆಯದರ ಜೊತೆ ಮುಂದೆ ಸಂಸದರಾದ, ನಮ್ಮ ಕರಾವಳಿ ಮೂಲದ ಗೋಪಾಲ ಶೆಟ್ಟಿಯವರ ಹೆಸರು ಕೇಳಿಬರುತ್ತದೆ, ಎರಡನೆಯದರ ಜೊತೆ ಮುಂದೆ ಶಿವಸೇನೆಯ ಸಚಿವರಾದ ರವೀಂದ್ರ ವಾಯ್ಕರ್ ಅವರದು. ಇಂಥ ನಾಯಕರು ಜಾಗ ಕಸದ ತಿಪ್ಪೆಯಾಗುವುದನ್ನು ತಪ್ಪಿಸಿದೆವು ಎನ್ನುತ್ತಾರೆ, ಅದರಲ್ಲಿ ಸತ್ಯವಿದೆ. ಆದರೆ ಈಜುಕೊಳ, ಬ್ಯಾಂಕ್ವೆಟ್ ಹಾಲು, ಸದಸ್ಯತ್ವ ಬಂದಮೇಲೆ ಅದು ಪಕ್ಕದ ಝೋಪಡಪಟ್ಟಿಯ ಹುಡುಗಿಯದ್ದಾಗಿ ಉಳಿಯದು. 2016ರಲ್ಲಿ ಈ ನೀತಿಯ ವಿರುದ್ಧ ನಾಗರಿಕರು ದನಿ ಎತ್ತಿದಾಗ ಫಡಣವೀಸ್ ಅದನ್ನು ತಡೆಹಿಡಿದರು. ಮುಂಬಯಿಯಲ್ಲಿ ಜನರ ಒತ್ತಾಯಕ್ಕೆ ಫಲ ಸಿಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಮೈದಾನ ಹತ್ತಿರವಿಲ್ಲದಾಗ ಏನಾಗುತ್ತದೆ? ಕುಟುಂಬವೇ ಮೈದಾನದ ಹತ್ತಿರಕ್ಕೆ ಹೋಗಬೇಕಾಗುತ್ತದೆ. ಮಂಗಳೂರು ಮೂಲದ ಕೆಥೊಲಿಕ್ ಮನೆತನದ ಜೆಮಿಮಾ ರೋಡ್ರಿಗಸ್ ಹುಟ್ಟಿದ್ದು ಭಾಂಡುಪ್‌ನಲ್ಲಿ. ಮಕ್ಕಳ ಆಟಕ್ಕೆ ಅನುಕೂಲವಿರಲಿ ಎಂದು ತಂದೆತಾಯಿ ಬಾಂದ್ರಾಕ್ಕೆ ಮನೆ ಬದಲಿಸಿದರು. 2025ರ ಅಕ್ಟೋಬರ್ 30ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಆಸ್ಟ್ರೇಲಿಯದ ಎದುರು ಔಟಾಗದೆ 127 ಹೊಡೆದು ಭಾರತವನ್ನು ವಿಶ್ವಕಪ್ ಫೈನಲ್ಲಿಗೆ ಒಯ್ದಳು ಆ ಹುಡುಗಿ. ಮೂರು ದಿನಗಳ ಬಳಿಕ ಕಪ್ ನಮ್ಮದಾಯಿತು. ಮನೆ ಬದಲಿಸಲಾಗದವರು ಕಿಟ್ ಬ್ಯಾಗ್ ಹೊತ್ತು ಲೋಕಲ್ ಹತ್ತುತ್ತಾರೆ. ಪೃಥ್ವಿ ಶಾ ವಿರಾರ್‌ನಿಂದ, ಶಾರ್ದೂಲ್ ಠಾಕೂರ್ ಪಾಲ್ಘರ್‌ನಿಂದ ಹಾಗೆಯೇ ಬಂದರು. ಬೆಳಗಿನ ಗರ್ದಿಯಲ್ಲಿ ಆ ಚೀಲ ಹೊತ್ತು ಡಬ್ಬಿಯೊಳಗೆ ನುಗ್ಗಬಲ್ಲ ಹನ್ನೆರಡರ ಹುಡುಗಿಯರು ಎಷ್ಟು ಮಂದಿ ಇದ್ದಾರು? ಭಾಂಡುಪ್‌ನಲ್ಲೇ ಉಳಿದ ಇನ್ನೆಷ್ಟು ಜೆಮಿಮಾಗಳ ಆಟ ಶಾಲೆಯ ಸಿಮೆಂಟು ಅಂಗಳದಲ್ಲಿ ಮುಗಿದುಹೋಯಿತೋ.

2024ರ ಜುಲೈ 4ರಂದು ಟಿ20 ವಿಶ್ವಕಪ್ ಗೆದ್ದ ತಂಡದ ಮೆರವಣಿಗೆಗೆ ಮರೈನ್ ಡ್ರೈವ್ ಉಸಿರುಕಟ್ಟುವಂತೆ ತುಂಬಿದ್ದನ್ನು ನೋಡಿ ಮುಂಬಯಿಗೆ ಒಂದು ಲಕ್ಷ ಜನ ಕೂರುವ ಸ್ಟೇಡಿಯಂ ಬೇಕು ಎಂಬ ಮಾತು ಮರುದಿನವೇ ಬಂತು. ಠಾಣೆ ಜಿಲ್ಲೆಯ ಆಮಣೆಯಲ್ಲಿ ಜಾಗದ ಪ್ರಸ್ತಾಪವಿದೆ. ಕಟ್ಟಲಿ. ಆದರೆ ಲಕ್ಷ ಸೀಟು ಹಾಕಿದರೂ ಅಲ್ಲಿ ಒಂದು ಸಲಕ್ಕೆ ಆಡುವವರು 22 ಜನ.

ನಿಜವಾದ ಪರೀಕ್ಷೆ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿದೆ. 211 ಎಕರೆಯ ಈ ಕುದುರೆ ಮೈದಾನದ ಗುತ್ತಿಗೆ 2013ರಲ್ಲೇ ಮುಗಿದಿತ್ತು. ಥೀಮ್ ಪಾರ್ಕ್ ಮಾಡಬೇಕೆಂದು ಶಿವಸೇನೆ, ಹಾಗೇ ಬಿಡಬೇಕೆಂದು ಸುತ್ತಲಿನ ನಿವಾಸಿಗಳು ಹತ್ತು ವರ್ಷ ಎಳೆದಾಡಿದರು. 2024ರಲ್ಲಿ ರೇಸ್ ಕ್ಲಬ್ಬಿನ ಸದಸ್ಯರು ಮತ ಹಾಕಿ 120 ಎಕರೆ ಪಾಲಿಕೆಗೆ ಬಿಟ್ಟುಕೊಡಲು, 91 ಎಕರೆ ತಾವು ಇಟ್ಟುಕೊಳ್ಳಲು ಒಪ್ಪಿದರು. ಆ 120 ಎಕರೆಗೆ ಕೋಸ್ಟಲ್ ರೋಡಿಗಾಗಿ ಸಮುದ್ರ ತುಂಬಿದಾಗ ಸಿಕ್ಕ ಬಯಲನ್ನು ಜೋಡಿಸಿದರೆ ಸುಮಾರು 300 ಎಕರೆಯ ಸೆಂಟ್ರಲ್ ಪಾರ್ಕ್ ಆಗುತ್ತದೆ ಎಂಬುದು ಪಾಲಿಕೆಯ ಯೋಜನೆ. ಗಿರಣಿ ಭೂಮಿಯಲ್ಲಿ ಕಳೆದುಕೊಂಡದ್ದು ಒಂದಿಷ್ಟಾದರೂ ಮರಳಿ ಬರುವ ಗಳಿಗೆ ಇದು. ನನ್ನ ಅಸಮಾಧಾನ ಇರುವುದು ನಿರ್ಧಾರವಾದ ಬಗೆಯಲ್ಲಿ. 2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ ಪಾಲಿಕೆಯನ್ನು ನಡೆಸುತ್ತಿದ್ದವರು ಆಡಳಿತಾಧಿಕಾರಿ. ದೇಶದ ಅತ್ಯಂತ ಶ್ರೀಮಂತ ಪಾಲಿಕೆಯ ಸಭಾಂಗಣ ಬೀಗ ಹಾಕಿಕೊಂಡಿದ್ದಾಗ ನಗರದ ಅತಿ ದೊಡ್ಡ ಬಯಲಿನ ಭವಿಷ್ಯ ನಿಗದಿಯಾಯಿತು. ರೇಸ್ ಕ್ಲಬ್ಬಿನ ಸದಸ್ಯರು ಮತ ಹಾಕಿದರು. ವರಳಿಯ, ಧಾರಾವಿಯ, ಪರೇಲಿನ ನಿವಾಸಿಗಳನ್ನು ಯಾರೂ ಮತ ಕೇಳಲಿಲ್ಲ.

ಪಾರ್ಕಿನ ಕೆಳಗೆ ಭೂಗತ ಕ್ರೀಡಾ ಸಂಕೀರ್ಣ, ವಾಹನ ನಿಲ್ದಾಣ ಎಂದೆಲ್ಲ ಮಾತಿದೆ. ಭೂಮಿಯ ಒಳಗೆ ಕಟ್ಟಿದ್ದಕ್ಕೆ ಗಾಳಿ ಬೇಕು, ದೀಪ ಬೇಕು, ಕಾವಲುಗಾರ ಬೇಕು, ಆ ಖರ್ಚಿಗೆ ಶುಲ್ಕ ಬೇಕು, ಶುಲ್ಕಕ್ಕೆ ಗೇಟು ಬೇಕು. ಮೇಲಿನ ಮಣ್ಣಿಗೆ ಒಬ್ಬ ಮಾಲಿ ಸಾಕು. ಶಿವಾಜಿ ಪಾರ್ಕಿನಲ್ಲಿ ಸುತ್ತಲ ಕಟ್ಟೆಯನ್ನು ದಾಟಿ ಯಾರೂ ಒಳಗೆ ಹೋಗಬಹುದು. ತೆಂಡೂಲ್ಕರ್ ಅವರ ಗುರು ಆಚ್ರೇಕರ್ ಮೇಷ್ಟ್ರು ಅಲ್ಲಿ ಮರದ ಕೆಳಗೆ ನಿಂತು ಕಲಿಸಿದ್ದಕ್ಕೆ ಯಾವ ಭೂಗತ ಸಂಕೀರ್ಣವೂ ಬೇಕಾಗಿರಲಿಲ್ಲ. ಹಾಗಾಗಿ ಸೆಂಟ್ರಲ್ ಪಾರ್ಕಿನ ನಕ್ಷೆಯಲ್ಲಿ ಎಷ್ಟು ಪಿಚ್ಚುಗಳಿವೆ, ಎಷ್ಟು ಕಬಡ್ಡಿ ಅಂಗಳಗಳಿವೆ, ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಯಾವುದಕ್ಕೆ ಸದಸ್ಯತ್ವ ಇರುವುದಿಲ್ಲ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಬರವಣಿಗೆಯಲ್ಲಿ ಪಡೆಯಬೇಕು. ಪ್ರತಿ ವಾರ್ಡಿನ ಅಭಿವೃದ್ಧಿ ನಕ್ಷೆಯಲ್ಲಿ ಮೈದಾನಕ್ಕೆಂದು ಕಾದಿರಿಸಿದ ತುಂಡುಗಳ ಪಟ್ಟಿ ಪಾಲಿಕೆಯಲ್ಲಿ ಇದೆ. ನಮ್ಮ ಕನ್ನಡ ಸಂಘಗಳು ಈ ಶಹರದಲ್ಲಿ ಶಾಲೆ ನಡೆಸಿವೆ, ಸಭಾಭವನ ಕಟ್ಟಿವೆ, ಪ್ರತಿ ಡಿಸೆಂಬರಿಗೆ ಕ್ರೀಡಾಕೂಟ ಮಾಡಲು ಬಯಲು ಹುಡುಕಿ ಅಲೆಯುತ್ತವೆ. ಆ ಪಟ್ಟಿಯನ್ನು ಹಿಡಿದು ವಾರ್ಡ್ ಕಚೇರಿಗೆ ಹೋಗುವುದು ಅವುಗಳಿಗೆ ಕಷ್ಟದ ಕೆಲಸವಲ್ಲ. ಆಜಾದ್ ಮೈದಾನದ 22 ಪಿಚ್ಚುಗಳಿಗೆ ಸಾಟಿಯಾದ ಒಂದು ಬಯಲು ಬೋರಿವಲಿಯ ಕಡೆಗೆ, ಇನ್ನೊಂದು ಭಾಂಡುಪ್–ಮುಲುಂಡಿನ ಕಡೆಗೆ ಬೇಕೆಂದು ಅಲ್ಲಿ ಕೇಳಬೇಕು, ಹುಡುಗಿಯರ ತಂಡಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.